ಮೇಲಿನ ಕಾಲುವೆಯ ಪಂಚರು

ಮಾರ್ಚ್ ೩, ಸೋಮವಾರ

ನಗರಸಭೆ ತೊಗಲುಕೇರಿಗೆ ಕೊಡುತ್ತೇನೆ ಎಂದದ್ದು: ಕುಡಿಯುವ ನೀರಿಗೆ ಹೊಸ ಪೈಪು. ಒಳಚರಂಡಿ. ಹೆಂಗಸರಿಗೆ ಬಾಗಿಲಿರುವ ಪಾಯಿಖಾನೆ. ಚರ್ಮ ತೊಳೆಯಲು ಕಾಲುವೆಯಿಂದ ದೂರದಲ್ಲೊಂದು ಕಟ್ಟೆ. ಮನೆ ಇರುವ ಜಾಗಕ್ಕೆ ಪಟ್ಟಾ.

ಕೊಟ್ಟದ್ದು: ಖಾಲಿ ಮಾಡಿ ಎಂಬ ನೋಟೀಸು.

ನಗರಸಭೆ ನನಗೆ ಕೊಡುತ್ತೇನೆ ಎಂದದ್ದು: ಪತ್ರಾಗಾರದಲ್ಲಿ ಕಿಟಕಿ ಪಕ್ಕದ ಮೇಜು. ಹಳೆಯ ಸುರುಳಿಗಳನ್ನು ನಾನೇ ಬಿಚ್ಚಿ ನೋಡುವ ಅನುಮತಿ. ಪುಸ್ತಕದ ಹೊಸ ಮುದ್ರಣಕ್ಕೆ ನೆರವು.

ಕೊಟ್ಟದ್ದು: ಎಲ್ಲವೂ. ಕೇಳದೇ ಇದ್ದ ಕುರ್ಚಿಯೊಂದನ್ನೂ, ಮೆತ್ತೆ ಸಮೇತ.

ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬಾರದಿತ್ತು. ಮೊದಲನೆಯದು ಇವತ್ತು ನಗರಸಭೆಯ ಗೇಟಿನ ಮುಂದೆ ಕೇರಿಯ ಹೆಂಗಸರು ಹಂಚುತ್ತಿದ್ದ ಕರಪತ್ರದಲ್ಲಿತ್ತು. ನನ್ನ ಕೈಗೂ ಒಂದು ತುರುಕಿದರು. ಮಡಿಸಿ ಚೀಲದಲ್ಲಿಟ್ಟುಕೊಂಡು ಒಳಗೆ ಹೋದೆ. ಅವರ ಮೈಯಿಂದ ಸುಣ್ಣದ, ಹಸಿ ಚರ್ಮದ ವಾಸನೆ ಬರುತ್ತಿತ್ತು. ಒಳಗೆ ಹೋದ ಮೇಲೂ ಕೈಗೆ ಅಂಟಿದಂತಿತ್ತು. ಎರಡು ಸಲ ತೊಳೆದೆ.

ಒಳಗೆ ತಮ್ಮ ಕಾಯುತ್ತಿದ್ದ. ನಗರಸಭೆಯ ಆರೋಗ್ಯಾಧಿಕಾರಿ ಅವನು. ಕಾಲುವೆಯ ಕೆಳದಂಡೆಯಲ್ಲೆಲ್ಲ ಕಾಮಾಲೆ ಹಬ್ಬಿದೆ. ಕಾಲುವೆ ಕೆಡಿಸಿದವರು ತೊಗಲುಕೇರಿಯವರು, ಅವರನ್ನು ಎಬ್ಬಿಸಬೇಕು ಎಂದು ನಗರಸಭೆ ತೀರ್ಮಾನಿಸಿದೆ. ಕೇರಿಯವರು ತಕರಾರು ಹಾಕಿದ್ದಾರೆ. ಹಾಗಾಗಿ ನಿವೃತ್ತ ನ್ಯಾಯಾಧೀಶರೊಬ್ಬರ ವಿಚಾರಣಾ ಸಮಿತಿ ಕೂತಿದೆ. ಸಮಿತಿಗೆ ನನ್ನಿಂದ ಎರಡು ಪುಟದ ಟಿಪ್ಪಣಿ ಬೇಕಂತೆ. ಹೊಸದೇನೂ ಬೇಡ ಅಕ್ಕ, ಪುಸ್ತಕದಲ್ಲಿ ಇರೋದನ್ನೇ ಬರೆದುಕೊಡು ಅಂದ.

ಪುಸ್ತಕದಲ್ಲಿ ಇರುವುದು ಇಷ್ಟು. ಆರುನೂರು ವರ್ಷದ ಹಿಂದಿನ ಜನ ಹೊಲಸಿನಲ್ಲೇ ಬಿದ್ದಿರುತ್ತಿದ್ದರು ಎನ್ನುವುದು ನಮ್ಮ ಕಾಲದವರ ಜಂಬ. ಈ ಊರಲ್ಲೇ ಕಾಲುವೆ ಪೀಠ ಎಂಬ ನ್ಯಾಯಾಲಯ ಇತ್ತು. ವರ್ಷಕ್ಕೆರಡು ಸಲ ಸೇತುವೆಯ ಮೇಲೆ ಕೂತು, ನೀರು ಕೆಡಿಸಿದವರನ್ನು ಕರೆಸಿ ದಂಡ ಹಾಕುತ್ತಿತ್ತು. ಎಲ್ಲ ದಂಡವೂ ಸುರುಳಿಗಳಲ್ಲಿ ದಾಖಲಾಗಿದೆ. ಕೂತು ಎಣಿಸಿದವಳು ನಾನು. ನಾಲ್ಕರಲ್ಲಿ ಮೂರು ಪಾಲು ದಂಡ ಬಿದ್ದದ್ದು ಚರ್ಮ ತೊಳೆಯುವವರಿಗೆ. ಈ ಒಂದು ವಾಕ್ಯ ನನಗೆ ಹೆಸರು ತಂದಿತು, ಬಡ್ತಿ ತಂದಿತು. ಪುಸ್ತಕದ ಬೆನ್ನಿನ ಮೇಲೆ ‘ನ್ಯಾಯ’ ಎಂಬ ಪದವನ್ನು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿದೆ.

ಬರೆದುಕೊಡುತ್ತೇನೆ ಅಂದೆ. ಎರಡು ಪುಟ, ಅದರಲ್ಲೇನು ಮಹಾ.

ಮಾರ್ಚ್ ೫, ಬುಧವಾರ

ಪತ್ರಾಗಾರದಲ್ಲಿ ಕೂತು ಟಿಪ್ಪಣಿ ಮುಗಿಸಿದೆ. ಒಂದು ಸುರುಳಿಯನ್ನು ಸುಮ್ಮನೆ ಬಿಚ್ಚಿಟ್ಟುಕೊಂಡಿದ್ದೆ, ಬರೆಯುವಾಗ ಎದುರಿಗಿರಲಿ ಎಂದು. ಅದೂ ಚರ್ಮವೇ. ಕರುವಿನ ತೊಗಲನ್ನು ಕಾಲುವೆಯಲ್ಲಿ ತೊಳೆದು, ಸುಣ್ಣಕ್ಕೆ ಹಾಕಿ, ಕೂದಲು ಹೆರೆದು, ಕಾಗದದ ಹಾಗೆ ತೆಳ್ಳಗೆ ಮಾಡಿ ಪೀಠಕ್ಕೆ ಒದಗಿಸುತ್ತಿದ್ದವರು ಕೇರಿಯವರು. ಅವರ ಮೇಲಿನ ದಂಡವನ್ನು ಅವರೇ ಹದ ಮಾಡಿದ ತೊಗಲಿನ ಮೇಲೆ ಬರೆದಿದ್ದಾರೆ. ಇಷ್ಟು ವರ್ಷ ಅದನ್ನು ಬೆರಳಲ್ಲಿ ಸವರಿದ್ದೇನೆ, ಈ ಮಾತು ಇವತ್ತೇ ಹೊಳೆದದ್ದು. ಟಿಪ್ಪಣಿಯಲ್ಲಿ ಬರೆಯಲಿಲ್ಲ. ಅಲ್ಲಿ ಅದಕ್ಕೆ ಜಾಗವಿಲ್ಲ.

ಟಿಪ್ಪಣಿಯನ್ನು ತಮ್ಮನಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು. ಎಲ್ಲ ಚೆನ್ನಾಗಿದೆಯಂತೆ, ಒಂದು ಸಾಲು ಮಾತ್ರ ಯಾಕೆ ಬೇಕು ಅಂದ. ‘ಪೀಠದ ಪಂಚರು ಮೇಲಿನ ಕಾಲುವೆಯ ದಡದಲ್ಲಿ ಸ್ವಂತ ಮನೆ ಇದ್ದವರೇ ಆಗಿರಬೇಕಿತ್ತು; ದೂರು ಎತ್ತುವ ಹಕ್ಕೂ ಅವರೊಬ್ಬರದೇ.’ ಸಮಿತಿಯವರು ಓದುವವರಲ್ಲ, ಇಂಥದ್ದು ಇದ್ದರೆ ಗೊಂದಲ ಆಗುತ್ತೆ ಅಂದ.

ಪುಸ್ತಕದಲ್ಲಿ ಅದು ಅಡಿಟಿಪ್ಪಣಿಯಾಗಿ ಇದೆ. ಬೇಕಾದವರು ಓದಿಕೊಳ್ಳಲಿ. ತೆಗೆದೆ. ತೆಗೆದ ಮೇಲೆ ಪುಟ ಚೊಕ್ಕಟವಾಗಿ ಕಂಡಿತು. ಸಹಿ ಹಾಕಿದೆ.

ಮಾರ್ಚ್ ೧೨, ಬುಧವಾರ

ವಿಚಾರಣೆ. ಹಳೆಯ ಗ್ರಂಥಾಲಯದ ಸಭಾಂಗಣ. ಮುಂದಿನ ಸಾಲಿನಲ್ಲಿ ನಗರಸಭೆಯವರು, ಹಿಂದೆ ಗೋಡೆಗೆ ಒತ್ತಿಕೊಂಡು ಕೇರಿಯವರು. ಕುರ್ಚಿ ಖಾಲಿ ಇದ್ದರೂ ನಿಂತೇ ಇದ್ದರು. ಕೂರಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಟಿಪ್ಪಣಿ ಓದಿದೆ. ಪಾಠ ಮಾಡಿ ಪಳಗಿದ ದನಿ, ಚೆನ್ನಾಗಿಯೇ ಓದಿದೆ. ಅಧ್ಯಕ್ಷರು ತಲೆದೂಗಿದರು. ಕೇರಿಯ ಸಂಘದವರು ಏನಾದರೂ ಕೇಳುವುದಿದೆಯೇ ಅಂದರು.

ಹೆಂಗಸೊಬ್ಬಳು ಮುಂದೆ ಬಂದಳು. ಅರವತ್ತರ ಹತ್ತಿರ ಇರಬಹುದು. ಸುಣ್ಣ ತಿಂದು ಬೆಳ್ಳಗೆ ಒಡೆದ ಕೈ. ಮೈಕು ಕೊಡಲು ಹೋದರೆ ಪಕ್ಕಕ್ಕೆ ತಳ್ಳಿದಳು. ಹಿಂದಿನಿಂದ ಯಾರೋ, ಗಂಟಲಕ್ಕನಿಗೆ ಮೈಕು ಕೊಟ್ರೆ ಸೂರು ಹಾರಿಹೋಗುತ್ತೆ ಅಂದರು. ಅವಳ ಹೆಸರೇ ಅದಾಗಿಬಿಟ್ಟಿದೆಯಂತೆ, ಗಂಟಲಕ್ಕ.

“ಮೇಡಂ, ನೀವು ಓದಿದವರು, ನಂಗೊಂದು ಅನುಮಾನ ಪರಿಹಾರ ಮಾಡಿ. ಆ ಕಾಲದಲ್ಲಿ ಮೇಲಿನ ಕಾಲುವೆಯವರು ಹೇಲ್ತಾನೇ ಇರಲಿಲ್ವಾ?”

ಹಿಂದಿನ ಗೋಡೆಯವರು ನಕ್ಕರು. ಅಧ್ಯಕ್ಷರು ಮೇಜು ಕುಟ್ಟಿ, ಭಾಷೆ ಸರಿಯಾಗಿರಲಿ ಅಂದರು.

“ಆಗಲಿ ಸ್ವಾಮಿ, ಸರಿಯಾದ ಭಾಷೇಲೇ ಕೇಳ್ತೀನಿ. ಮೇಲಿನವರು ಮಲವಿಸರ್ಜನೆ ಮಾಡ್ತಾ ಇರಲಿಲ್ವಾ?”

ಈ ಸಲ ಮುಂದಿನ ಸಾಲಿನವರೂ ನಕ್ಕರು. ತಮ್ಮ ನಗಲಿಲ್ಲ. ನಾನೂ ಕೂಡ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

“ಅದಕ್ಕೆ ದಾಖಲೆ ಇಲ್ಲ,” ಅಂದೆ.

ಸುಳ್ಳಲ್ಲ. ದಾಖಲೆ ಇಲ್ಲ. ಬರೆಸುತ್ತಿದ್ದವರು ಅವರೇ ಆದ್ದರಿಂದ ಇಲ್ಲ. ಮಾತಿನ ಉಳಿದರ್ಧ ಬಾಯಿಯಲ್ಲೇ ಇತ್ತು, ನುಂಗಿಕೊಂಡೆ.

ಮಾರ್ಚ್ ೧೩, ಗುರುವಾರ

ಪಾಠ ಮಾಡಿದೆ. ವಿಷಯ: ಮಧ್ಯಯುಗದ ದಂಡನೀತಿ. ಅರ್ಧಕ್ಕೇ ಬಿಟ್ಟು ಬಂದೆ, ತಲೆನೋವು ಅಂದೆ.

ತಲೆನೋವಿರಲಿಲ್ಲ.

ಮಾರ್ಚ್ ೧೬, ಭಾನುವಾರ

ತಮ್ಮ ಊಟಕ್ಕೆ ಬಂದಿದ್ದ. ಅಮ್ಮ ನನ್ನ ಜೊತೆ ಇರುವುದರಿಂದ ಭಾನುವಾರ ಅವನ ಬರವು ಇದ್ದದ್ದೇ. ಅಮ್ಮ ಬಡಿಸುತ್ತ, ಅಕ್ಕ ತಮ್ಮ ಸೇರಿ ಊರು ಉದ್ಧಾರ ಮಾಡ್ತಿದ್ದೀರಂತೆ, ಮೊದಲು ತಟ್ಟೆ ಖಾಲಿ ಮಾಡಿ ಅಂದಳು.

ಕಾಲುವೆಯ ನೀರನ್ನು ಪರೀಕ್ಷೆಗೆ ಎಲ್ಲೆಲ್ಲಿಂದ ತೆಗೆದೆ ಎಂದು ಕೇಳಿದೆ. ಕೇರಿಯ ಮೆಟ್ಟಿಲ ಹತ್ತಿರ, ಕೇರಿ ದಾಟಿದ ಮೇಲೆ, ಇನ್ನೂ ಕೆಳಗೆ ಅಂದ. ಮೇಲೆ? ಮೇಲೆ ಯಾಕೆ ಅಂದ. ಬರೀ ಕೆಳಗೇ ತೆಗೆದರೆ ಕೊಳೆ ಎಲ್ಲಿಂದ ಬಂತು ಅಂತ ಹೇಗೆ ಗೊತ್ತಾಗುತ್ತೆ ಅಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

“ನಿನ್ನ ಪುಸ್ತಕ ನೋಡ್ಕೊಂಡೇ ಅಕ್ಕ ಜಾಗ ಗುರುತು ಮಾಡಿದ್ದು. ದಂಡ ಎಲ್ಲಾ ಅಲ್ಲೇ ಬಿದ್ದಿದೆ ಅಂತ ನಕ್ಷೆ ಸಮೇತ ಹಾಕಿದ್ದೀಯ. ಬಾಟಲಿ ಹಿಡ್ಕೊಂಡು ನೇರವಾಗಿ ಅಲ್ಲಿಗೇ ಹೋದೆ.”

ತಟ್ಟೆ ಪಕ್ಕಕ್ಕೆ ಸರಿಸಿದೆ.

ಕಾಮಾಲೆ ಚರ್ಮ ತೊಳೆದ ನೀರಿನಿಂದ ಬರುತ್ತಾ ಎಂದು ಕೇಳಿದೆ. ಬರಲ್ಲ, ಪಾಯಿಖಾನೆಯ ನೀರು ಕುಡಿಯೋ ನೀರಿಗೆ ಸೇರಿದರೆ ಬರುತ್ತೆ ಅಂದ. ವೈದ್ಯ ಓದಿದವನು, ಸುಳ್ಳು ಹೇಳಲಾರ. ಕೇರಿಯ ಪಾಯಿಖಾನೆ ಕಾಲುವೆಗೆ ಸೇರುತ್ತಾ? ಅವರದ್ದು ಗುಂಡಿ, ದೂರ ಇದೆ, ಸೇರಲ್ಲ ಅಂದ. ಮತ್ತೆ ಇಷ್ಟೆಲ್ಲ ಗೊತ್ತಿದ್ದೂ?

“ಮೇಲಿನ ಕಾಲುವೆ ಉದ್ದಕ್ಕೂ ಯಾರ್ಯಾರ ಮನೆ ಇದೆ ಹೇಳು ನೋಡೋಣ. ಕಮಿಷನರ್ ಮನೆ ಇದೆ. ನಿನ್ನ ಮನೆ ಇದೆ.”

ನಮ್ಮ ಕಟ್ಟಡಕ್ಕೆ ಶುದ್ಧೀಕರಣ ಘಟಕ ಇದೆ, ಅದಕ್ಕೇಂತ ತಿಂಗಳಾ ತಿಂಗಳಾ ಕಟ್ತೀವಿ ಅಂದೆ.

“ಇದೆ. ಅದರ ಮೋಟರು ಓಡಿದ ಸದ್ದು ಯಾವತ್ತಾದರೂ ಕೇಳಿದೀಯಾ?”

ಅವನು ಹೋದ ಮೇಲೆ ಕೆಳಗಿಳಿದು ಘಟಕದ ಬಾಗಿಲ ಮುಂದೆ ನಿಂತೆ. ಬೀಗದ ಮೇಲೆ ಜೇಡ ಬಲೆ ಕಟ್ಟಿತ್ತು.

ಮಾರ್ಚ್ ೧೯, ಬುಧವಾರ

ಕೇರಿಗೆ ಹೋದೆ. ಹೇಳಿಬಿಡಬೇಕು ಎಂದೇ ಹೋದದ್ದು. ಸೇತುವೆ ದಾಟುವಾಗ ಕರ್ಚೀಫು ತಾನಾಗಿ ಮೂಗಿಗೆ ಹೋಯಿತು. ಕಟ್ಟೆಯ ಮೇಲೆ ಕೂತಿದ್ದ ಹುಡುಗಿಯರು ನೋಡಿ, ಒಬ್ಬಳು ಇನ್ನೊಬ್ಬಳ ಮೂಗು ಹಿಡಿದು ನಕ್ಕಳು.

ಕೇರಿ ಎಂದರೆ ಒಂದು ಉದ್ದ ಓಣಿ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ನೀರಿಗಿಳಿಯುವ ಕಲ್ಲು. ಸುಣ್ಣದ ತೊಟ್ಟಿಗಳು. ಹಗ್ಗದ ಮೇಲೆ ಒಣಹಾಕಿದ ತೊಗಲು, ಗಾಳಿಗೆ ತಗಡಿನ ಹಾಗೆ ಬಡಿದುಕೊಳ್ಳುತ್ತಿತ್ತು. ಅವರು ಕುಡಿಯುವ ನೀರಿನ ಪೈಪು ಕಾಲುವೆಯ ಒಳಗಿನಿಂದಲೇ ಹಾದು ಬರುತ್ತದೆ. ಅಲ್ಲಲ್ಲಿ ಬಟ್ಟೆ ಸುತ್ತಿ, ಟಯರಿನ ಪಟ್ಟಿ ಬಿಗಿದಿದ್ದಾರೆ. ಕರಪತ್ರದಲ್ಲಿ ಮೊದಲಿಗೇ ಹೊಸ ಪೈಪಿನ ಮಾತು ಬರೆದದ್ದು ಯಾಕೆ ಎಂದು ಆಗ ತಿಳಿಯಿತು.

ಗಂಟಲಕ್ಕ ಒಳಗೆ ಕರೆದಳು. ಮೂಲೆಯಲ್ಲಿ ಅವಳ ಸೊಸೆ ಮಲಗಿದ್ದಳು. ತುಂಬು ಬಸುರಿ. ಕಣ್ಣಿನ ಬಿಳಿಯೆಲ್ಲ ಹಳದಿ. ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇಲ್ಲ, ಎರಡು ದಿನ ಬಿಟ್ಟು ಬನ್ನಿ ಅಂದರಂತೆ.

ಏನು ಬಂದಿರಿ ಮೇಡಂ ಅಂದಳು. ಬಾಯಿ ತೆರೆದೆ. ಕೇರಿಯ ಇತಿಹಾಸ ಬರೆಯಬೇಕು, ಹಿರಿಯರ ಸಂದರ್ಶನಕ್ಕೆ ಬಂದೆ ಎಂಬ ಮಾತು ಹೊರಗೆ ಬಂತು. ಎಷ್ಟು ಸಲೀಸಾಗಿ ಬಂತು. ಪೆನ್ನು ತೆಗೆದು ಕೇಳಿದೆ, ನಿಮ್ಮ ತಾತನ ಕಾಲದಲ್ಲಿ ಹೇಗಿತ್ತು, ಮುತ್ತಾತ ಏನು ಹೇಳುತ್ತಿದ್ದರು. ಅವಳು ಒಂದು ಕಣ್ಣು ಸೊಸೆಯ ಮೇಲಿಟ್ಟುಕೊಂಡೇ ಉತ್ತರ ಕೊಟ್ಟಳು. ನಾನು ಬರೆದುಕೊಂಡೆ. ಎಂಥ ನಾಚಿಕೆಗೇಡು.

ಒಂದು ಲೋಟ ನೀರು ತಂದಿಟ್ಟಳು. ನಾನು ನೋಡಿದ್ದನ್ನು ಅವಳು ನೋಡಿದಳು.

“ಹೆದರಬೇಡಿ, ಅಂಗಡಿ ಬಾಟಲಿದು. ನೀವು ಬರೋದು ಕಂಡು ತರಿಸಿದೆ.”

ಕುಡಿದೆ.

ಮಾರ್ಚ್ ೨೨, ಶನಿವಾರ

ಗಂಟಲಕ್ಕನ ಸೊಸೆ ತೀರಿಕೊಂಡಳಂತೆ. ಮಗುವೂ. ತಮ್ಮ ಫೋನಿನಲ್ಲಿ ಹೇಳಿದ. ಅಂಕಿ ಹೇಳುವ ದನಿಯಲ್ಲಿ ಶುರು ಮಾಡಿದ, ಮುಗಿಸಲು ಆಗಲಿಲ್ಲ ಅವನಿಗೆ.

ಮಾರ್ಚ್ ೨೪, ಸೋಮವಾರ

ಹೋದೆ. ಈ ಸಲ ಪೆನ್ನು ಒಯ್ಯಲಿಲ್ಲ.

ಗಂಟಲಕ್ಕ ಕೆಲಸದಲ್ಲಿದ್ದರು, ಮೊಣಕಾಲುವರೆಗೆ ನೀರಲ್ಲಿ ನಿಂತು ತೊಗಲು ಜಾಲಿಸುತ್ತಿದ್ದರು. ಸೂತಕದ ಮನೆಯಲ್ಲಿ ಕೂತು ಅಳುತ್ತಿರುತ್ತಾರೆ ಎಂದುಕೊಂಡು ಹೋಗಿದ್ದೆ ನಾನು. ಬಿಡುವಿದ್ದವರು ಕೂತು ಅಳಬಹುದು. ಕಲ್ಲಿನ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಪಂಚರು ಯಾರು, ಯಾವ ಸಾಲು ಅಳಿಸಿದೆ, ಬಾಟಲಿಗಳು ನನ್ನ ನಕ್ಷೆ ನೋಡಿಕೊಂಡು ಎಲ್ಲಿಗೆ ಹೋದವು, ಎಲ್ಲಿಗೆ ಹೋಗಲಿಲ್ಲ. ಮೊದಲೇ ಮೇಲಕ್ಕೆ ಹೋಗಿ ನೋಡಿದ್ದರೆ ಕುಡಿಯುವ ನೀರಿನ ಪೈಪನ್ನಾದರೂ ನಿಲ್ಲಿಸುತ್ತಿದ್ದರು, ನಿಮ್ಮ ಸೊಸೆ ಉಳಿಯುತ್ತಿದ್ದಳೇನೋ, ಅದನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ.

ಅವರು ತೊಗಲನ್ನು ಕಲ್ಲಿನ ಮೇಲೆ ಎಳೆದು ಹಾಕಿ, ಕೈ ಒರೆಸಿಕೊಂಡರು.

“ಕ್ಷಮೆ ಕೇಳೋಕೆ ಬಂದಿದ್ರೆ ಹೊರಟು ಹೋಗಿ ಮೇಡಂ, ನನ್ನ ಹತ್ರ ಇಲ್ಲ ಅದು. ಸಾಕ್ಷಿ ಹೇಳೋಕೆ ಬಂದಿದ್ರೆ ಕೂತ್ಕೊಳ್ಳಿ.”

ಕೂತೆ. ಕಲ್ಲು ಒದ್ದೆಯಾಗಿತ್ತು.

ಕೆಲಸ ನಿಲ್ಲಿಸದೆಯೇ ಮಾತಾಡಿದರು. ಹಳೇ ಕಾಲದ ಪಂಚರ ವಿಷಯ ಹೇಳಿದರೆ ಸಮಿತಿಯವರು ಆಕಳಿಸುತ್ತಾರೆ, ಈಗಿನದ್ದು ಏನಾದರೂ ಇದೆಯಾ ನಿಮ್ಮ ಹತ್ತಿರ ಎಂದು ಕೇಳಿದರು. ಇದೆ ಅಂದೆ. ನಮ್ಮ ಮನೆಯ ಪಾಯಿಖಾನೆ ಇದೆ ಅಂದೆ. ಅವರ ಮುಖದಲ್ಲಿ ಮೊದಲ ಸಲ ನಗುವಿನಂಥದ್ದು ಬಂದು ಹೋಯಿತು.

ಮಾರ್ಚ್ ೨೬, ಬುಧವಾರ

ತಮ್ಮ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಬೆರಳೆಲ್ಲ ಹಸಿರು ಮಾಡಿಕೊಂಡು ಮನೆಗೆ ಬರುತ್ತಿದ್ದ. ಯಾವ ಮನೆಯ ಚರಂಡಿ ಎಲ್ಲಿಗೆ ಸೇರುತ್ತದೆ ಎಂದು ಹಿಡಿಯಲು ಒಂದು ಪುಡಿ ಇದೆ. ನೋಡಲು ಇಟ್ಟಿಗೆ ಬಣ್ಣ. ಚಿಟಿಕೆಯಷ್ಟು ನೀರಿಗೆ ಬಿದ್ದರೆ ಎಳೆ ಹುಲ್ಲಿನ ಹಸಿರು, ಹೊಳೆಯುವ ಹಸಿರು. ಯಾರಿಗೂ ತೊಂದರೆಯಿಲ್ಲ. ಈ ಮನೆಯಲ್ಲಿ ಸುರಿದು, ಆ ಕಾಲುವೆಯಲ್ಲಿ ಕಾಯುವುದು. ಅಮ್ಮ ಅವನನ್ನು ಗಿಳಿ ಎಂದು ಕರೆಯುತ್ತಿದ್ದಳು ಆಗ.

ಫೋನು ಮಾಡಿ, ಆ ಪುಡಿ ಬೇಕು ಅಂದೆ. ಯಾಕೆ ಎಂದು ಕೇಳಲಿಲ್ಲ ಅವನು.

“ಅಕ್ಕ, ನೀನು ಕೇಳಿದ್ದು ನಂಗೆ ಕೇಳಿಸಲಿಲ್ಲ,” ಎಂದು ಇಟ್ಟುಬಿಟ್ಟ.

ಅವನಿಗೆ ಇಬ್ಬರು ಮಕ್ಕಳ ಓದಿದೆ, ಮನೆ ಸಾಲ ಇದೆ. ಕಮಿಷನರ್ ಅವನ ಮೇಲಧಿಕಾರಿ. ಅವನನ್ನು ಈ ಗುಂಡಿಗೆ ಇಳಿಸಿದ್ದು ನನ್ನ ನಕ್ಷೆ, ಈಗ ಹತ್ತು ಬಾ ಎಂದು ಕೂಗುತ್ತಿರುವವಳೂ ನಾನೇ. ಅಮ್ಮನಿಗೆ ಮುಖ ಕೊಟ್ಟು ಮಾತಾಡಲು ಆಗಲಿಲ್ಲ.

ಮಾರ್ಚ್ ೨೮, ಶುಕ್ರವಾರ

ಬಾಗಿಲ ಹೊರಗೆ ಚಪ್ಪಲಿ ಗೂಡಿನ ಮೇಲೆ ಒಂದು ಪೊಟ್ಟಣ. ಹೆಸರಿಲ್ಲ.

ಮಾರ್ಚ್ ೨೯, ಶನಿವಾರ

ಬೆಳಿಗ್ಗೆ ಗಂಟಲಕ್ಕ ನಾಲ್ಕೈದು ಹೆಂಗಸರ ಜೊತೆ ನಮ್ಮ ಕಟ್ಟಡದ ಹಿಂದೆ, ಕಾಲುವೆಯ ದಡದಲ್ಲಿ ನಿಂತರು. ಕಾವಲುಗಾರ ಓಡಿಸಲು ಹೋದನಂತೆ. ಕಾಲುವೆ ನಿಮ್ಮಪ್ಪನದಾ ಎಂದು ಒಂದು ಮಾತು ಬಿತ್ತಂತೆ, ವಾಪಸು ಬಂದ.

ನಾನು ಬಚ್ಚಲಲ್ಲಿ ಪೊಟ್ಟಣ ಹಿಡಿದು ನಿಂತೆ, ಇನ್ನೊಂದು ಕೈಯಲ್ಲಿ ಫೋನು. ಅಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಇದಕ್ಕೇನಾ ನಿನ್ನ ಅಷ್ಟು ಓದಿಸಿದ್ದು ಅಂದಳು. ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಸುರಿದೆ. ನೀರು ಬಿಟ್ಟೆ. ಮತ್ತೆ ಬಿಟ್ಟೆ. ಫೋನಿನಲ್ಲಿ ಕಾಲುವೆಯ ಸದ್ದು, ಯಾರೋ ಕೆಮ್ಮಿದ್ದು. ಬರದೇ ಇರಲಿ ಎಂದು ಒಂದು ಕ್ಷಣ ಬೇಡಿಕೊಂಡೆ. ಬರೆದಿಡುತ್ತೇನೆ ಅದನ್ನೂ. ಇಷ್ಟಾದ ಮೇಲೂ, ನಾನು ಶುದ್ಧಳು ಎಂದಾಗಿಬಿಡಲಿ ಎಂದು ಬೇಡಿಕೊಂಡೆ.

“ಬಂತು,” ಅಂದರು ಗಂಟಲಕ್ಕ.

ಆ ದನಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ಗೊತ್ತಿರಲಿಲ್ಲ.

ಕೆಳಗೆ ಓಡಿದೆ. ಗೋಡೆಯ ಬುಡದಲ್ಲಿ, ಪೊದೆಯ ಮರೆಯಲ್ಲಿ ಒಂದು ದಪ್ಪ ಪೈಪು. ಇಷ್ಟು ವರ್ಷ ಬಾಲ್ಕನಿಯಲ್ಲಿ ನಿಂತು ನಾನು ನೋಡಿದ್ದು ಹಕ್ಕಿಗಳನ್ನು. ಪೈಪಿನ ಬಾಯಿಂದ ಹಸಿರು ಹೊಳೆಯುತ್ತ ಬೀಳುತ್ತಿತ್ತು, ಬಿದ್ದು ಕೇರಿಯ ಕಡೆಗೆ ಹರಿಯುತ್ತಿತ್ತು. ನಾವು ದಡದ ಮೇಲೆ ಅದರ ಜೊತೆಜೊತೆಗೇ ನಡೆದೆವು.

ಸಂಜೆ ಕೇರಿಯಲ್ಲಿ ನಲ್ಲಿ ಬಿಟ್ಟರು. ಮೊದಲ ಕೊಡಕ್ಕೆ ಬಿದ್ದ ನೀರಿನಲ್ಲಿ ತೆಳ್ಳಗೆ, ಕಂಡೂ ಕಾಣದ ಹಾಗೆ, ಹಸಿರು.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಒಬ್ಬಳು ಹುಡುಗಿ ಕೊಡದೊಳಗೆ ಬಗ್ಗಿ ನೋಡಿ, ಚಂದ ಇದೆ ಅಂದಳು. ಅವಳ ತಾಯಿ ಕೊಡವನ್ನು ಕಾಲಿನಿಂದ ಒದ್ದು ಉರುಳಿಸಿದಳು. ಗಂಟಲಕ್ಕ ಎರಡನೆಯ ಕೊಡದಿಂದ ಒಂದು ಬಾಟಲಿ ತುಂಬಿಸಿ, ಬಿರಡೆ ಬಿಗಿದು, ನನ್ನ ಮಡಿಲಲ್ಲಿಟ್ಟರು. ಹಿಡ್ಕೊಳ್ಳಿ, ನಿಮ್ಮದೇ ಇದು ಅಂದರು.

ಏಪ್ರಿಲ್ ೨, ಬುಧವಾರ

ವಿಚಾರಣೆ. ಸಭಾಂಗಣಕ್ಕೆ ಹೋಗುತ್ತಿದ್ದಂತೆ ಹಿಂದಿನ ಗೋಡೆಯ ಕಡೆ ನಡೆದೆ, ಕಾಲು ಅತ್ತಲೇ ಹೋಯಿತು. ಗಂಟಲಕ್ಕ ಬೈದರು. ಖಾಲಿ ಕುರ್ಚಿ ಎಷ್ಟಿವೆ, ಎಲ್ಲರೂ ಕೂತ್ಕೊಳ್ಳೋಣ ಅಂದರು. ಕೂತೆವು. ಮುಂದಿನ ಸಾಲಿನಿಂದ ತಮ್ಮ ತಿರುಗಿ ನೋಡಿದ.

ನನ್ನ ಟಿಪ್ಪಣಿ ವಾಪಸು ಬೇಕು ಅಂದೆ. ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ನಿಮ್ಮ ಪುಸ್ತಕವೇ ಸುಳ್ಳು ಅಂತೀರಾ ಎಂದು ಕೇಳಿದರು.

“ಅಂಕಿ ಸುಳ್ಳಲ್ಲ ಸರ್. ನಾನು ಓದಿದ ರೀತಿ ತಪ್ಪು. ದಂಡ ಯಾರಿಗೆ ಬಿತ್ತೋ ಅವರೇ ತಪ್ಪು ಮಾಡಿದ್ದು ಅಂತ ಎಣಿಸಿಬಿಟ್ಟೆ. ಆ ಸುರುಳಿಗಳು ಹೇಳೋದು ನೀರು ಯಾರು ಕೆಡಿಸಿದ್ರು ಅಂತ ಅಲ್ಲ, ಇನ್ನೊಬ್ಬರ ಮೇಲೆ ಬೆರಳು ತೋರಿಸೋ ಹಕ್ಕು ಯಾರಿಗಿತ್ತು ಅಂತ. ಅದು ಮೇಲಿನ ಕಾಲುವೆಯ ಮನೆಯವರಿಗಿತ್ತು. ಈಗಲೂ ಅವರಿಗೇ ಇದೆ. ನಾನೂ ಅವರಲ್ಲಿ ಒಬ್ಬಳು.”

ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ. ಯಾವ ಕಟ್ಟಡ, ಯಾವ ಮಹಡಿ, ಯಾರ ಬಚ್ಚಲು, ಯಾವ ನಲ್ಲಿ ಎಂದು ಹೇಳಿದೆ. ಇದು ನನ್ನ ಮನೆಯ ಪಾಯಿಖಾನೆಯ ನೀರು, ಕೇರಿಯ ಕುಡಿಯುವ ನೀರಿನ ನಲ್ಲಿಯಲ್ಲಿ ಬಂದದ್ದು ಅಂದೆ. ಗಂಟಲಕ್ಕನ ಸೊಸೆಯ ವಿಷಯ ಹೇಳಲು ಹೋದೆ. ಗಂಟಲಕ್ಕ ನನ್ನ ಸೆರಗು ಹಿಡಿದು ಎಳೆದರು. ಅದು ತಾವು ಹೇಳುವ ಮಾತು, ನಾನು ಹೇಳುವುದಲ್ಲ ಎಂಬಂತೆ. ಎದ್ದು ನಿಂತು ಅವರೇ ಹೇಳಿದರು. ಹುಡುಗಿ ಬಾಣಂತನಕ್ಕೆಂದು ಹೊಲಿದಿಟ್ಟಿದ್ದ ಬಟ್ಟೆಯ ಮಾತನ್ನೂ ಬಿಡಲಿಲ್ಲ.

ನಗರಸಭೆಯ ವಕೀಲರು ಎದ್ದು, ಈ ಪುಡಿ ನಿಮಗೆ ಕೊಟ್ಟವರು ಯಾರು ಎಂದು ಕೇಳಿದರು. ಹೇಳುವುದಿಲ್ಲ ಅಂದೆ. ಹೇಳಬೇಕಾಗುತ್ತೆ ಅಂದರು. ಹೇಳುವುದಿಲ್ಲ ಅಂದೆ. ತಮ್ಮ ತನ್ನ ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡಿದ್ದ. ಏಳುತ್ತಾನೇನೋ ಎಂದುಕೊಂಡೆ. ಏಳಲಿಲ್ಲ. ಒಳ್ಳೆಯದಾಯಿತು ಅನಿಸಿತು, ಬೇಜಾರೂ ಆಯಿತು.

ಅಧ್ಯಕ್ಷರು ಹೇಳಿದ್ದು: ಮೇಲಿನ ಕಾಲುವೆಯ ನೀರನ್ನೂ ಪರೀಕ್ಷಿಸಬೇಕು, ವರದಿ ಬರುವವರೆಗೆ ಕೇರಿಯನ್ನು ಮುಟ್ಟಬಾರದು. ನೋಟೀಸು ರದ್ದಾಗಿಲ್ಲ. ತಡೆ ಅಷ್ಟೆ. ಹೊರಗೆ ಬಂದಾಗ ಯಾರೂ ಜೈ ಅನ್ನಲಿಲ್ಲ. ಗಂಟಲಕ್ಕ, ತೊಟ್ಟಿಯಲ್ಲಿ ತೊಗಲು ನೆನೆಹಾಕಿ ಬಂದಿದ್ದೀವಿ, ತಡವಾದ್ರೆ ಕೆಡುತ್ತೆ ಎಂದು ಎಲ್ಲರನ್ನೂ ಹೊರಡಿಸಿದರು.

ಏಪ್ರಿಲ್ ೪, ಶುಕ್ರವಾರ

ಬೆಳಿಗ್ಗೆ ಗಲಾಟೆ ಕೇಳಿ ಬಾಲ್ಕನಿಗೆ ಬಂದೆ. ತಮ್ಮ ಕೆಳಗೆ, ಪೈಪಿನ ಬಾಯ ಹತ್ತಿರ, ಪ್ಯಾಂಟು ಮಡಚಿ ನೀರಿಗಿಳಿದಿದ್ದ. ಬಾಟಲಿಗೆ ದಾರ ಕಟ್ಟಿ ಇಳಿಬಿಡುತ್ತಿದ್ದ. ಮೊದಲನೆಯ ಮಹಡಿಯವರು ಅವನ ಮೇಲೆ ಕೂಗಾಡುತ್ತಿದ್ದರು, ಕಮಿಷನರ್‌ಗೆ ಫೋನ್ ಮಾಡ್ತೀವಿ ಅನ್ನುತ್ತಿದ್ದರು. ಮಾಡಿ, ನಂಬರ್ ಬೇಕಾ ಎಂದು ಕೇಳಿದ ಅವನು. ತಲೆ ಎತ್ತಿ ನನ್ನ ಕಡೆ ನೋಡಲಿಲ್ಲ.

ಅಮ್ಮ ಪಕ್ಕದಲ್ಲಿ ಬಂದು ನಿಂತಳು. ತುಂಬ ಹೊತ್ತು ನೋಡಿದಳು. ನೀರು ತಣ್ಣಗಿರುತ್ತೆ, ಅವನಿಗೆ ಶೀತದ ಮೈ ಎಂದಳು, ಅಷ್ಟೆ. ಅವನು ಈ ಭಾನುವಾರ ಊಟಕ್ಕೆ ಬರಲಿಕ್ಕಿಲ್ಲ. ಎಷ್ಟು ಭಾನುವಾರವೋ.

ಮಧ್ಯಾಹ್ನ ಬಾಗಿಲ ಕೆಳಗಿನಿಂದ ಒಂದು ಕಾಗದ ತೂರಿತು. ನಿವಾಸಿಗಳ ಸಂಘದ ತುರ್ತು ಸಭೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಐದನೇ ಮಹಡಿಯಲ್ಲಿ. ವಿಷಯ: ಕಟ್ಟಡದ ಗೌರವಕ್ಕೆ ಧಕ್ಕೆ ತಂದ ನಿವಾಸಿಯ ಮೇಲೆ ಕ್ರಮ. ಮನೆ ಬಿಡಿಸುವ ಮಾತೂ ಇದೆಯಂತೆ, ಲಿಫ್ಟಿನಲ್ಲಿ ಒಬ್ಬರು ನನ್ನ ಮುಖ ನೋಡದೆ ಹೇಳಿದರು.

ಏಪ್ರಿಲ್ ೫, ಶನಿವಾರ

ಕೇರಿಗೆ ಹೋಗಿ ಕಾಗದ ತೋರಿಸಿದೆ. ನಿಮ್ಮ ಪಾಡಿಗೆ ನೀವಿರಿ, ಇದು ನನ್ನದು, ನಾನೇ ಹೋಗಿ ಉತ್ತರ ಕೊಡುತ್ತೇನೆ ಅಂದೆ. ಅವರಿಗೆ ಇನ್ನೇನು ಹೊರೆ ಹೊರಿಸುವುದು ಎಂದು ನನ್ನ ಮನಸ್ಸಿನಲ್ಲಿ. ಗಂಟಲಕ್ಕ ಓದಲು ಇನ್ನೊಬ್ಬರಿಗೆ ಕೊಟ್ಟರು, ಕೇಳಿಸಿಕೊಂಡರು.

“ಪೈಪು ಮುಚ್ಚೋ ವಿಷಯ ಇದರಲ್ಲಿ ಎಲ್ಲಿದೆ?”

ಇಲ್ಲ ಅಂದೆ.

“ಹಾಗಾದ್ರೆ ಅದನ್ನ ನಾವು ಬಂದು ಸೇರಿಸ್ತೀವಿ. ನಿಮ್ಮ ಲಿಫ್ಟಲ್ಲಿ ಎಷ್ಟು ಜನ ಹಿಡಿತಾರೆ?”

ಆರು ಅಂದೆ. ಮೆಟ್ಟಿಲು ಇದೆಯಲ್ಲ ಅಂದರು. ಒಬ್ಬಳು, ನಮ್ಮ ವಾಸನೆಗೆ ಅವರು ಕಿಟಕಿಯಿಂದ ಹಾರಿಕೊಂಡ್ರೆ ಅಂದಳು. ಹಾರಿಕೊಂಡ್ರೆ ಕಾಲುವೆಗೇ ಬೀಳ್ತಾರೆ, ರುಚಿ ನೋಡಲಿ ಅಂದರು ಗಂಟಲಕ್ಕ. ಎಲ್ಲರೂ ನಕ್ಕೆವು. ನಕ್ಕಿದ್ದಕ್ಕೆ ಒಳಗೆ ಚುಚ್ಚಿತು. ಮೂಲೆಯಲ್ಲಿ ಆ ಹುಡುಗಿಯ ಹಾಸಿಗೆ ಸುತ್ತಿಟ್ಟದ್ದು ಹಾಗೇ ಇದೆ, ಅದರ ಮೇಲೆ ಪುಟ್ಟ ಬಟ್ಟೆಗಳು. ನಾನು ಎಷ್ಟು ಸಾಕ್ಷಿ ಹೇಳಿದರೂ ಅದು ಅಲ್ಲೇ ಇರುತ್ತದೆ.

ಕೂತು ಹೊಸ ಕರಪತ್ರ ಬರೆದೆವು. ನಾನು ಬರೆದ ಮೊದಲ ವಾಕ್ಯವನ್ನು, ಇದು ಯಾರಿಗೆ ಅರ್ಥ ಆಗುತ್ತೆ ಎಂದು ಹೊಡೆದು ಹಾಕಿದರು. ಎರಡನೆಯದನ್ನು ಉಳಿಸಿಕೊಂಡರು. ಕೊನೆಗೆ ಹಾಕಿದ್ದು:

ನಮ್ಮ ಸಭೆ, ನಾಳೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಮೇಲಿನ ಕಾಲುವೆಯ ಕಟ್ಟಡ, ಐದನೇ ಮಹಡಿ. ಮೆಟ್ಟಿಲಿನಿಂದ ಬನ್ನಿ.